ಕರಡಿ ತಾತನ ಕ್ಯಾಸೆಟ್

ಶಿಡ್ಲಘಟ್ಟ
12 ಆಗಸ್ಟ್ 2024

ಮಾನ್ಯ ನರಸಿಂಹಮೂರ್ತಿಯವರಿಗೆ ನಮಸ್ಕಾರಗಳು.

‘ಹಾಡುವವರು ಎದ್ದು ಹೋದ ಮೇಲೂ ಕೋಣೆ ಉಳಿಯುತ್ತದೆ.’ ಈ ಸಾಲು ಎಲ್ಲಿಯದೆಂದು ನೆನಪಾಗುತ್ತಿಲ್ಲ. ಎಂ.ಎ. ಓದುವಾಗ ಯಾರದೋ ಪದ್ಯದಲ್ಲಿ ಕಂಡದ್ದೋ, ಸಹಪಾಠಿಯೊಬ್ಬಳು ನೋಟ್ಸಿನ ಅಂಚಿನಲ್ಲಿ ಗೀಚಿದ್ದೋ ತಿಳಿಯದು. ‘ಕೋಣೆ’ ಎಂದಿತ್ತೋ ‘ಮನೆ’ ಎಂದಿತ್ತೋ, ಅದೂ ಖಚಿತವಿಲ್ಲ. ಆಗ ಬಹಳ ಚೆನ್ನಾಗಿದೆ ಅನ್ನಿಸಿತ್ತು. ಈಗ ಅನುಮಾನ. ಉಳಿದ ಕೋಣೆ ಏನು ಮಾಡುತ್ತದೆ? ಸುಣ್ಣ ಬಳಿಸಿದರೆ ಅದೂ ಹೋಯಿತಲ್ಲವೆ?

ಹಳೆಯ ರಷ್ಯನ್ ಒಪೆರಾ ಗಾಯಕರ ಧ್ವನಿಮುದ್ರಿಕೆಗಳ ಬಗ್ಗೆ ಮಾಸಪತ್ರಿಕೆಯಲ್ಲಿ ನೀವು ಬರೆದದ್ದನ್ನು ಓದುವಾಗ ಈ ಸಾಲು ಎದ್ದು ಬಂತು. ನಾನು ಇಲ್ಲಿನ ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. ಸಂಗೀತ ತಿಳಿದವಳಲ್ಲ. ಆದರೆ ನಮ್ಮ ಮನೆಯಲ್ಲಿ ಒಬ್ಬ ರಷ್ಯನ್ ಗಾಯಕರಿದ್ದಾರೆ, ಒಂದು ಕ್ಯಾಸೆಟ್ಟಿನಲ್ಲಿ. ಹೆಸರು ಗೊತ್ತಿಲ್ಲ. ಬಾವಿಯ ತಳದಿಂದ ಬರುವಂಥ ದನಿ. ನಮ್ಮ ಮನೆಯಲ್ಲಿ ಅವರನ್ನು ಕರಡಿ ತಾತ ಎನ್ನುತ್ತೇವೆ.

ನನ್ನ ಗಂಡ ಕನಕರಾಜ್ ಅವರ ಊರು ವಿದುರಾಶ್ವತ್ಥ. ಗೌರಿಬಿದನೂರಿನಲ್ಲಿ ಮಿಲ್ ಕಾರ್ಮಿಕರ ಸಂಘದ ಕಚೇರಿಯೊಂದಿತ್ತಂತೆ, ಅಲ್ಲಿ ರಷ್ಯಾದ ಪುಸ್ತಕಗಳ ಜೊತೆಗೆ ಒಂದಷ್ಟು ರೆಕಾರ್ಡುಗಳೂ ಇದ್ದವಂತೆ. 2003ರಲ್ಲಿ ಒಂದು ಭಾನುವಾರದ ಮಟ್ಟಿಗೆ ಎಂದು ಒಂದನ್ನು ಪ್ಲೇಯರ್ ಸಮೇತ ಹೊತ್ತು ತಂದರು. ಸ್ಪೀಕರಿನ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕ್ಯಾಸೆಟ್ಟಿಗೆ ಇಳಿಸಿಕೊಂಡೆವು.

ಹೋದ ನವೆಂಬರಿನಲ್ಲಿ ಆ ಕ್ಯಾಸೆಟ್ ಸುತ್ತಿಕೊಂಡು ನುಜ್ಜಾಯಿತು. ನೀವು ಇಂಥವನ್ನು ಸರಿಮಾಡುತ್ತೀರೆಂದು ಲೇಖನದ ಕೊನೆಯಲ್ಲಿತ್ತು. ಮಾಡಿಕೊಡುವಿರಾ? ನಿಮ್ಮ ಫೋನ್ ನಂಬರ್ ತಿಳಿಸಿದರೆ ಉಪಕಾರ. ನನಗೆ ಕಾಲೇಜಿನ ವಿಳಾಸಕ್ಕೇ ಬರೆಯಿರಿ.

ವಿಶ್ವಾಸದ,
ತನುಜ


ಧಾರವಾಡ
20 ಆಗಸ್ಟ್ 2024

ಶ್ರೀಮತಿ ತನುಜ ಅವರಿಗೆ,

ಲೇಖನ ಓದಿ ಪತ್ರ ಬರೆದವರು ಇಬ್ಬರು. ಒಬ್ಬರು ನನ್ನ ರಷ್ಯನ್ ಉಚ್ಚಾರಣೆ ತಪ್ಪೆಂದರು. ಇನ್ನೊಬ್ಬರು ನೀವು. ಹೀಗಾಗಿ ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಕರಡಿ ತಾತ! ಇಡೀ ಲೇಖನದಲ್ಲಿ ನನಗೆ ಸಿಗದ ಮಾತು. ಯಾರು ಇಟ್ಟ ಹೆಸರು, ನೀವೋ ನಿಮ್ಮ ಯಜಮಾನರೋ? ಕವಿತೆ ಓದುವವರ ಮನೆ ಎಂದು ಗೊತ್ತಾಗುತ್ತದೆ.

ಒಂದು ಪರೀಕ್ಷೆ. ಹಾಡಿನ ನಡುವೆ ಆತ ಗಟ್ಟಿಯಾಗಿ ಎರಡು ಸಲ ಕೂಗಿ, ಆಮೇಲೆ ವಾದ್ಯವೂ ನಿಂತು, ತುಸು ಹೊತ್ತು ಏನೂ ಇಲ್ಲದಂತಾಗುತ್ತದೆಯೆ? ಹೌದಾದರೆ ಆತ ಗ್ರೆಬ್ನೆವ್. ಕ್ರಾಂತಿಗೆ ಮುಂಚಿನ ಗಾಯಕ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಆಗ ಮೈಕ್ ಎಂಬುದಿರಲಿಲ್ಲ. ದೊಡ್ಡ ತುತ್ತೂರಿಯಂಥ ಕೊಳವೆಯೊಳಗೆ ಮುಖವಿಟ್ಟು ಹಾಡಬೇಕು, ಅದರ ಕಂಪನ ಮೇಣದ ತಟ್ಟೆಯ ಮೇಲೆ ಗೀರಾಗುತ್ತಿತ್ತು. ದನಿ ಏರಿದರೆ ಪಕ್ಕದಲ್ಲಿ ನಿಂತವನು ಗಾಯಕನ ಭುಜ ಹಿಡಿದು ಹಿಂದಕ್ಕೆಳೆಯುತ್ತಿದ್ದ. ಹೀಗೆ ಗೀರಿದ್ದನ್ನು ಮುಂದೆ ಸೋವಿಯತ್ ಕಾಲದಲ್ಲಿ ಎಲ್.ಪಿ. ರೆಕಾರ್ಡಿಗೆ ಹಾಕಿದರು. ಅದರ ಒಂದು ಪ್ರತಿ ನನ್ನ ಬಳಿಯೂ ಇದೆ!

ಹಾಡಿನ ಅರ್ಥ ಇಷ್ಟು. ಮುದಿ ದೋಣಿಯವನು ಆಚೆ ದಡದವರನ್ನು ಕೂಗುತ್ತಾನೆ. ಕಾಯುತ್ತಾನೆ. ಯಾರೂ ಓಗೊಡುವುದಿಲ್ಲ. ತಾನೇ ಹುಟ್ಟು ಹಾಕಿಕೊಂಡು ಹೋಗುತ್ತಾನೆ.

ನಿಮ್ಮ ಸಾಲು ಯಾರದೋ ಗೊತ್ತಿಲ್ಲ, ಆದರೆ ನಾನು ಒಪ್ಪುವುದಿಲ್ಲ. ಮೂವತ್ತು ವರ್ಷ ಆಕಾಶವಾಣಿಯಲ್ಲಿ ಕೋಣೆಯನ್ನು ಹೊರಗೆ ಹಾಕುವುದೇ ನನ್ನ ಕೆಲಸವಾಗಿತ್ತು. ಫ್ಯಾನಿನ ಸದ್ದು, ಕುರ್ಚಿಯ ಸದ್ದು, ಕೆಮ್ಮು. ಹಾಡು ಉಳಿಯಬೇಕಾದರೆ ಕೋಣೆ ಹೋಗಬೇಕು.

ಫೋನ್ ನನಗೆ ಒಗ್ಗುವುದಿಲ್ಲ. ಪತ್ರ ಬರೆಯಿರಿ. ಕ್ಯಾಸೆಟ್ ಕಳಿಸಿ.

ನರಸಿಂಹಮೂರ್ತಿ


ಶಿಡ್ಲಘಟ್ಟ
2 ಸೆಪ್ಟೆಂಬರ್ 2024

ಮಾನ್ಯರೆ,

ಹೌದು, ಎರಡು ಸಲ ಕೂಗಿ ಸುಮ್ಮನಾಗುತ್ತಾರೆ. ಗ್ರೆಬ್ನೆವ್. ಹೆಸರನ್ನು ಗಟ್ಟಿಯಾಗಿ ಹೇಳಿ ನೋಡಿದೆ. ಇಷ್ಟು ವರ್ಷ ಮನೆಯಲ್ಲೇ ಇದ್ದವರು ಯಾರೆಂದು ಈಗ ಗೊತ್ತಾದಂತಾಯಿತು. ಆದರೂ ಕರಡಿ ತಾತನೇ ವಾಸಿ.

ಅರ್ಥ ತಿಳಿದು ಕಸಿವಿಸಿಯಾಯಿತು. ನಮ್ಮ ಮನೆಯಲ್ಲಿ ಆ ಹಾಡಿಗೆ ಬೇರೆ ಕಥೆಯಿತ್ತು. ಜೇನು ಹುಡುಕಿಕೊಂಡು ನಂದಿಬೆಟ್ಟದಿಂದ ಇಳಿದ ಕರಡಿ ದಾರಿ ತಪ್ಪಿ, ಹಿಪ್ಪುನೇರಳೆ ತೋಟದಲ್ಲಿ ನಿಂತು ‘ಯಾರಾದ್ರೂ ಇದ್ದೀರೇನ್ರಪ್ಪಾ’ ಎಂದು ಕೂಗುತ್ತದೆ. ಕನಕರಾಜ್ ಕಟ್ಟಿದ ಕಥೆ. ಅವರು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸ ಮಾಡುತ್ತಾರೆ. ಆಗೆಲ್ಲ ಹರಾಜನ್ನು ಕೂಗಿಯೇ ನಡೆಸುತ್ತಿದ್ದರು, ಅವರಿಗೂ ದೊಡ್ಡ ದನಿ ಇತ್ತು. ಈಗ ಎಲ್ಲ ಕಂಪ್ಯೂಟರಿನಲ್ಲೇ. ಮನೆಯಲ್ಲೂ ಮಾತು ಕಡಿಮೆ.

ಕ್ಯಾಸೆಟ್ಟನ್ನು ಹಳೆಯ ಕರವಸ್ತ್ರದಲ್ಲಿ ಸುತ್ತಿ ಕಳಿಸುತ್ತಿದ್ದೇನೆ. ಕನಕರಾಜ್‌ಗೆ ಹೇಳಿಲ್ಲ. ಡಬ್ಬಿಯೊಳಗೆ ಬೇರೊಂದು ಕ್ಯಾಸೆಟ್ ಇಟ್ಟು ಬೀರುವಿನಲ್ಲಿ ಇದ್ದ ಹಾಗೇ ಇಟ್ಟಿದ್ದೇನೆ. ಸರಿಯಾಗದಿದ್ದರೆ ಅವರಿಗೆ ಗೊತ್ತಾಗುವುದು ಬೇಡ.

ಇನ್ನೊಂದು ಮಾತು. ನಗಬೇಡಿ. ಮನೆಯಲ್ಲೇ ಇಳಿಸಿಕೊಂಡಿದ್ದರಿಂದ ಮನೆಯ ಸದ್ದೆಲ್ಲ ಸೇರಿಕೊಂಡಿದೆ. ಕುಕ್ಕರಿನ ಸೀಟಿ ಇದೆ. ಕರಡಿ ತಾತ ಕೂಗಿ ಸುಮ್ಮನಾಗುವ ಕಡೆ ನಮ್ಮ ಮಗಳು ತನುಶ್ರೀ ‘ಓ... ಬಂದೇ...’ ಎಂದು ಬಿಟ್ಟಿದ್ದಾಳೆ. ಆಗ ಅವಳಿಗೆ ನಾಲ್ಕು ವರ್ಷ. ಅವರಪ್ಪ ‘ಷ್’ ಅಂದರೆ ನಗುತ್ತಾಳೆ.

ನವೆಂಬರ್ 21ರೊಳಗೆ ಬೇಕು. ಆ ದಿನ ಮನೆಯಲ್ಲಿ ಹಾಕುವ ವಾಡಿಕೆ.

ತನುಜ


ಧಾರವಾಡ
16 ಸೆಪ್ಟೆಂಬರ್ 2024

ತನುಜ ಅವರೆ,

ಕ್ಯಾಸೆಟ್ ಬಂತು. ಬಿಚ್ಚಿ ನೋಡಿದೆ. ನುಜ್ಜಾದದ್ದು ದೊಡ್ಡ ತೊಂದರೆಯಲ್ಲ. ಆದರೆ ಟೇಪಿಗೆ ಬೂಷ್ಟು ಹಿಡಿದು ಮೇಲಿನ ಕಂದು ಲೇಪ ಸಡಿಲವಾಗಿದೆ. ಧ್ವನಿ ಇರುವುದು ಆ ಲೇಪದಲ್ಲೇ. ನನ್ನ ಮೆಷಿನ್ನಿನಲ್ಲಿ ಓಡಿಸಿದರೆ ಒಂದು ಸಲ ಓಡೀತು, ಓಡುತ್ತಲೇ ಉದುರೀತು. ಆ ಒಂದು ಸಲದಲ್ಲಿ ದೊಡ್ಡ ಸ್ಪೂಲ್ ಟೇಪಿಗೆ ಇಳಿಸಿಕೊಳ್ಳಬೇಕು. ಶುರು ಮಾಡುವ ಮುಂಚೆ ನಿಮ್ಮ ಒಪ್ಪಿಗೆ ಬೇಕು.

ಮನೆಯ ಸದ್ದಿನ ಬಗ್ಗೆ ಚಿಂತೆ ಬಿಡಿ. ಅದಕ್ಕೆ ನಾಚಿಕೊಳ್ಳುವುದೇನಿದೆ? ದೊಡ್ಡ ದೊಡ್ಡ ವಿದ್ವಾಂಸರ ಟೇಪಿನಲ್ಲಿ ಗೊರಕೆ ಕೇಳಿದವನು ನಾನು.

ಮಗಳು ಈಗ ದೊಡ್ಡವಳಾಗಿರಬೇಕು. ಎಲ್ಲಿದ್ದಾಳೆ? ನವೆಂಬರ್ 21 ಎಂದರೆ ನಿಮ್ಮ ಮದುವೆಯ ದಿನವೋ, ಅವಳ ಹುಟ್ಟುಹಬ್ಬವೋ? ಏನಾದರಾಗಲಿ, ಮುಂಗಡ ಶುಭಾಶಯ. ವರ್ಷಕ್ಕೊಂದು ದಿನ ಮನೆಮಂದಿಯೆಲ್ಲ ಕೂತು ರಷ್ಯನ್ ಒಪೆರಾ ಕೇಳುವ ಮನೆ ಕರ್ನಾಟಕದಲ್ಲಿ ಇನ್ನೊಂದಿರಲಾರದು.

ನರಸಿಂಹಮೂರ್ತಿ


ಶಿಡ್ಲಘಟ್ಟ
25 ಸೆಪ್ಟೆಂಬರ್ 2024

ಮಾನ್ಯರೆ,

ಒಪ್ಪಿಗೆ ಇದೆ. ಒಂದೇ ಸಲ ಎಂದು ಓದಿ ಎರಡು ದಿನ ಪತ್ರ ಮಡಿಸಿಟ್ಟಿದ್ದೆ. ಆದರೆ ಬೀರುವಿನಲ್ಲಿಟ್ಟರೂ ಅದು ಉದುರುತ್ತಲೇ ಇರುತ್ತದಲ್ಲ.

ಮನೆಯ ಸದ್ದಿನ ಬಗ್ಗೆ ಚಿಂತೆ ಬಿಡಿ ಎಂದಿರಿ. ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಹೇಗೆ ಕೇಳುವುದೆಂದು ತಿಳಿಯದೆ ಹಿಂಜರಿದಿದ್ದೆ. ನೀವೇ ಅರ್ಥ ಮಾಡಿಕೊಂಡಿರಿ.

ಕರಡಿ ತಾತ ಎಂದು ಹೆಸರಿಟ್ಟವಳು ನಮ್ಮ ಮಗಳು, ತನು. ನೀವು ಕೇಳಿದ ಉಳಿದದ್ದಕ್ಕೆ ಇನ್ನೊಮ್ಮೆ ಬರೆಯುತ್ತೇನೆ.

ಪಕ್ಕದ ಮನೆಯ ಮುನಿಲಕ್ಷ್ಮಿ ನೂಲು ತೆಗೆಯುವ ಘಟಕದಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಕುದಿನೀರಿನಲ್ಲಿ ಗೂಡು ಅದ್ದಿ ಎಳೆ ಹಿಡಿಯುವುದು. ನಿನ್ನೆ ಕಾಂಪೌಂಡಿನ ಮೇಲಿಂದ ಕೇಳಿದಳು: “ಏನಕ್ಕಾ, ಕರಡಿ ತಾತನ ಗಂಟ್ಲು ಕಟ್ಕೊಂಡಿತ್ತಲ್ಲ, ಡಾಕ್ಟ್ರಿಗೆ ತೋರ್ಸಿದ್ರಾ?” ಮೆಲ್ಲಗೆ ಮಾತಾಡು ಮಾರಾಯ್ತಿ, ಕನಕರಾಜ್ ಒಳಗಿದ್ದಾರೆ ಎಂದೆ. “ಅಯ್ಯೋ, ನಮ್ಮಣ್ಣ ಎದುರಿಗೇ ನಿಂತ್ಕೊಂಡು ಹೇಳಿದ್ರೂ ಕೇಳ್ಸ್ಕೊಳಲ್ಲ, ಬಿಡಕ್ಕಾ” ಎಂದು ನಕ್ಕಳು. ನನಗೂ ನಗು ಬಂತು. ಧಾರವಾಡದ ಡಾಕ್ಟರ ಕೈಯಲ್ಲಿದ್ದಾರೆ ಎಂದೆ.

ತನುಜ


ಧಾರವಾಡ
4 ಅಕ್ಟೋಬರ್ 2024

ತನುಜ ಅವರೆ,

ಗೆದ್ದೆವು. ಟೇಪು ಕೊನೆಯವರೆಗೂ ಓಡಿತು, ಎಲ್ಲ ಸ್ಪೂಲಿಗೆ ಇಳಿಯಿತು. ಹೇಳಿದ ಹಾಗೇ ಆಯಿತು, ಈಗ ಕ್ಯಾಸೆಟ್ಟಿನಲ್ಲಿ ಬರಿಯ ಪ್ಲಾಸ್ಟಿಕ್ ಪಟ್ಟಿ. ಕೆಳಗೆ ಹಾಸಿದ್ದ ಕಾಗದದ ಮೇಲೆ ನಶ್ಯದಂಥ ಪುಡಿ.

ಇನ್ನು ಶುದ್ಧಿಯ ಕೆಲಸ. ನನಗೆ ಕಂಪ್ಯೂಟರ್ ಬರುವುದಿಲ್ಲ. ಸ್ಪೂಲನ್ನು ಕೈಯಿಂದ ಹಿಂದೆ ಮುಂದೆ ಎಳೆದು, ಮೀಟರಿನ ಮುಳ್ಳು ನೋಡಿ, ಬೇಡದ ಕಡೆ ಗುರುತು ಹಾಕಿ, ಬ್ಲೇಡಿನಿಂದ ಕತ್ತರಿಸಿ ಅಂಟಿಸುವುದು. ನಮ್ಮ ಕಾಲದ ಪದ್ಧತಿ ಅದೇ. ಕುಕ್ಕರು ಹೋಗುತ್ತದೆ. ಆ ಮೌನದ ಜಾಗದಲ್ಲಿ ಮುಳ್ಳು ಕುಣಿಯುತ್ತದೆ, ಅದೂ ಹೋಗುತ್ತದೆ. ಕತ್ತರಿಸಿದ ಕಡೆಗೆಲ್ಲ ನನ್ನ ಎಲ್.ಪಿ.ಯಿಂದ ತೇಪೆ ಹಾಕುತ್ತೇನೆ.

ಬೇಡವೆನ್ನುವುದಾದರೆ ಈ ವಾರದಲ್ಲೇ ಬರೆಯಿರಿ. ಬೇಡವೆನ್ನಲು ಕಾರಣವಿರಲಾರದು.

ನರಸಿಂಹಮೂರ್ತಿ


ಧಾರವಾಡ
19 ಅಕ್ಟೋಬರ್ 2024

ತನುಜ ಅವರೆ,

ನಿಮ್ಮಿಂದ ಉತ್ತರ ಬರಲಿಲ್ಲ. ಸಮ್ಮತಿ ಎಂದುಕೊಂಡು ಮುಗಿಸಿದೆ. ಹೊಸ ಕ್ಯಾಸೆಟ್ಟಿಗೆ ತುಂಬಿ ಇಂದೇ ಪಾರ್ಸೆಲ್ ಮಾಡುತ್ತಿದ್ದೇನೆ.

ಹೊಗಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ನಿವೃತ್ತನಾದ ಮೇಲೆ ಇಷ್ಟು ಒಳ್ಳೆಯ ಕೆಲಸ ಮಾಡಿರಲಿಲ್ಲ. ಆತ ಎರಡು ಸಲ ಕೂಗಿ ನಿಂತಾಗ ಈಗ ನಿಜವಾಗಿಯೂ ಏನೂ ಇಲ್ಲ. ಮುಳ್ಳು ಸೊನ್ನೆಯ ಮೇಲೆ ಮಲಗುತ್ತದೆ. ಇಡೀ ಹಾಡಿನ ಜೀವ ಆ ಮೌನದಲ್ಲಿದೆ. ಹೊಳೆಯ ಅಗಲವೆಷ್ಟು ಎಂದು ಕೇಳುವವರಿಗೆ ತಿಳಿಯುವುದೇ ಅಲ್ಲಿ. ನಿಮ್ಮ ಮನೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಅದನ್ನು ಯಾರೂ ಕೇಳಿಲ್ಲ. ಈ ಸಲ ಕೇಳುವಿರಿ. ಮಗಳಿಗೂ ಕೇಳಿಸಿ.

ನರಸಿಂಹಮೂರ್ತಿ


ಶಿಡ್ಲಘಟ್ಟ
21 ಅಕ್ಟೋಬರ್ 2024

ಮಾನ್ಯರೆ,

ದಸರಾ ರಜೆ ಮುಗಿದು ಇಂದು ಕಾಲೇಜು ತೆರೆಯಿತು. ನಿಮ್ಮ 4ನೇ ತಾರೀಖಿನ ಪತ್ರ ರಜೆಯಿಡೀ ಆಫೀಸಿನ ಮೇಜಿನ ಮೇಲಿತ್ತು. ಈಗಷ್ಟೇ ಓದಿದೆ. ಸ್ಟಾಫ್ ರೂಮಿನಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ, ಬೆಲ್ಲಾಗಿದೆ, ತರಗತಿಗೆ ಹೋಗಿಲ್ಲ.

ದಯವಿಟ್ಟು ಏನನ್ನೂ ಕತ್ತರಿಸಬೇಡಿ. ಕುಕ್ಕರ್ ಇರಲಿ, ‘ಷ್’ ಇರಲಿ, ಎಲ್ಲ ಇದ್ದ ಹಾಗೇ ಇರಲಿ. ಹಾಡು ಕೆಟ್ಟರೂ ಚಿಂತೆಯಿಲ್ಲ. ಕೂಗಿ ಸುಮ್ಮನಾಗುವ ಕಡೆ ಮಾತ್ರ ಮುಟ್ಟಲೇಬೇಡಿ. ನಾನು ಮೊದಲೇ ಬಿಡಿಸಿ ಬರೆಯಬೇಕಿತ್ತು. ಸ್ಪೂಲಿನಲ್ಲಿ ಹೇಗಿದೆಯೋ ಹಾಗೇ ಕ್ಯಾಸೆಟ್ಟಿಗೆ ಹಾಕಿ ಕಳಿಸಿ, ಅಷ್ಟು ಸಾಕು.

ಫೋನ್ ನಂಬರ್ ಕೊಟ್ಟಿದ್ದರೆ ಈಗಲೇ ಹೇಳುತ್ತಿದ್ದೆ.

ತನುಜ


ಶಿಡ್ಲಘಟ್ಟ
28 ಅಕ್ಟೋಬರ್ 2024

ಮಾನ್ಯರೆ,

ಪಾರ್ಸೆಲ್ ತಲುಪಿತು. ಕನಕರಾಜ್ ಮಾರುಕಟ್ಟೆಗೆ ಹೋದ ಮೇಲೆ ಒಬ್ಬಳೇ ಕೇಳಿದೆ. ನಿಮ್ಮ ಶ್ರಮಕ್ಕೆ ವಂದನೆಗಳು.

ತನುಜ


ಧಾರವಾಡ
2 ನವೆಂಬರ್ 2024

ತನುಜ ಅವರೆ,

ನಿಮ್ಮ ಎರಡು ಪತ್ರಗಳೂ ಎದುರಿಗಿವೆ. ಒಂದರಲ್ಲಿ ಕತ್ತರಿಸಬೇಡಿ ಎಂಬ ಗಾಬರಿ, ಇನ್ನೊಂದರಲ್ಲಿ ಹಬ್ಬದ ಊಟಕ್ಕೆ ಬಂದವರನ್ನು ಬಾಗಿಲಲ್ಲೇ ಕಳಿಸಿದಂಥ ವಂದನೆ. ಬೇಸರವಾಯಿತು ಎಂದು ನೇರವಾಗಿ ಹೇಳುತ್ತೇನೆ. ಈ ವಯಸ್ಸಿನಲ್ಲಿ ಮುಚ್ಚಿಡಲು ಬರುವುದಿಲ್ಲ.

ಒಂದು ಕುಕ್ಕರಿನ ಸೀಟಿ, ಒಂದು ಬಾಗಿಲು ಸರಿದ ಸದ್ದು. ಇವಕ್ಕಾಗಿ ಇಷ್ಟು ಸಂಕಟವೆ? ಮಗಳ ಮಾತು ಇತ್ತೆಂದು ಬರೆದಿದ್ದಿರಿ. ಅದು ಬೇಕೆಂದಿದ್ದರೆ ಕಷ್ಟವೇನು? ಮಗಳನ್ನು ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು, ಹೊಸದಾಗಿಯೇ ಮಾತಾಡಿಸಿ ರೆಕಾರ್ಡ್ ಮಾಡಿ. ಈಗ ಎಲ್ಲರ ಜೇಬಿನಲ್ಲೂ ಮೆಷಿನ್ ಇದೆ. ಸತ್ತು ನೂರು ವರ್ಷವಾದ ಗಾಯಕ ಮತ್ತೆ ಬಂದು ಹಾಡುವುದಿಲ್ಲ. ಮಕ್ಕಳು ಮತ್ತೆ ಮಾತಾಡುತ್ತಾರೆ.

ನನ್ನ ಕೆಲಸದಲ್ಲಿ ಏನು ತಪ್ಪಾಯಿತು ತಿಳಿಸಿ.

ನರಸಿಂಹಮೂರ್ತಿ


ಶಿಡ್ಲಘಟ್ಟ
8 ನವೆಂಬರ್ 2024

ಮಾನ್ಯರೆ,

ನಿಮ್ಮ ಕೆಲಸದಲ್ಲಿ ತಪ್ಪಿಲ್ಲ. ಹಾಡು ಇಷ್ಟು ಸ್ಪಷ್ಟವಾಗಿ ಎಂದೂ ಕೇಳಿರಲಿಲ್ಲ.

ನಮ್ಮ ತನು ಆ ರೆಕಾರ್ಡಿಂಗ್ ಆದ ವರ್ಷವೇ, ನವೆಂಬರ್ 21ರಂದು ತೀರಿಕೊಂಡಳು. ಮೆದುಳು ಜ್ವರ. ಜ್ವರ ಎಂದು ಆಸ್ಪತ್ರೆಗೆ ಹೋದೆವು, ಮಾರನೆಯ ದಿನದಿಂದ ಅವಳಿಗೆ ನಮ್ಮ ಗುರುತಿರಲಿಲ್ಲ. ಕೊನೆಗೆ ಕೂಗಿದರೂ ಓ ಅನ್ನಲಿಲ್ಲ.

ನಮ್ಮಲ್ಲಿ ಅಷ್ಟು ಚಿಕ್ಕ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ತಿಥಿಯಿಲ್ಲ, ಎಡೆಯಿಲ್ಲ. ಹಿರಿಯರ ಹಬ್ಬದಲ್ಲಿ ಅವರ ಹೆಸರು ಹಿಡಿಯುವುದಿಲ್ಲ. ಅವರಿನ್ನೂ ಹಿರಿಯರಲ್ಲ ನೋಡಿ. ಹೋದದ್ದು ಹೋಯಿತು, ಮರೆತು ಇನ್ನೊಂದು ಮಾಡಿಕೊಳ್ಳಿ ಎಂದು ಎಲ್ಲರೂ ಹೇಳಿದರು. ಇನ್ನೊಂದು ಆಗಲಿಲ್ಲ. ಮೊದಲ ವರ್ಷ ಆ ದಿನ ಬಂದಾಗ ಏನು ಮಾಡುವುದೆಂದೇ ತಿಳಿಯಲಿಲ್ಲ. ಸಂಜೆ ಕನಕರಾಜ್ ಎದ್ದು ಕ್ಯಾಸೆಟ್ ಹಾಕಿದರು. ಅವಳು ಓ ಎಂದಳು. ಅಷ್ಟೇ. ಅವತ್ತಿನಿಂದ ಅದೇ ನಮ್ಮ ತಿಥಿ. ದೀಪ ಹಚ್ಚಿ ಹಾಡು ಹಾಕುತ್ತಾರೆ, ಇಬ್ಬರೂ ಕೇಳುತ್ತೇವೆ, ಮುಗಿದ ಮೇಲೆ ಊಟ ಮಾಡುತ್ತೇವೆ. ಮಾತಿಲ್ಲ. ಮುನಿಲಕ್ಷ್ಮಿ ಕೆಲಸದಿಂದ ಬಂದವಳು ಬಾಗಿಲಲ್ಲಿ ನಿಂತು ಕೇಳಿ ಹೋಗುತ್ತಾಳೆ. ತನುವನ್ನು ಎತ್ತಿ ಆಡಿಸಿದವಳು.

ಅವಳ ದನಿ ಇದ್ದದ್ದು ಅದೊಂದರಲ್ಲೇ. ಆಗ ಯಾರ ಜೇಬಿನಲ್ಲೂ ಮೆಷಿನ್ ಇರಲಿಲ್ಲ.

ನಿಮಗೆ ಮೊದಲೇ ಏಕೆ ಹೇಳಲಿಲ್ಲ ಎಂದರೆ, ಯಾರಿಗೂ ಹೇಳಿ ಅಭ್ಯಾಸವಿಲ್ಲ. ನೀವು ಮಗಳು ಎಲ್ಲಿದ್ದಾಳೆಂದು ಕೇಳಿದಾಗ, ಎಲ್ಲೋ ಇದ್ದಾಳೆ ಎಂದು ಒಬ್ಬರಾದರೂ ನಂಬಿದ್ದಾರಲ್ಲ ಅನ್ನಿಸಿತು. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ.

ಒಂದು ಕೇಳುತ್ತೇನೆ. ನೀವು ಕತ್ತರಿಸಿದ ತುಂಡುಗಳು ಇವೆಯೆ?

ತನುಜ


ಧಾರವಾಡ
14 ನವೆಂಬರ್ 2024

ತಾಯೀ,

ಏನು ಬರೆಯಲಿ.

ತುಂಡುಗಳನ್ನು ಒಂದು ಬಿಸ್ಕತ್ ಡಬ್ಬಿಯಲ್ಲಿ ಹಾಕಿಡುವುದು ನನ್ನ ಪದ್ಧತಿ. ಕೆಲಸ ಒಪ್ಪಿಸಿದ ಮೇಲೆ ಎಸೆಯುತ್ತೇನೆ. ಆಕಾಶವಾಣಿಯಲ್ಲೂ ಕಾರ್ಯಕ್ರಮ ಪ್ರಸಾರವಾಗುವವರೆಗೆ ಮಾತ್ರ ಇಡುತ್ತಿದ್ದೆವು. ಪಾರ್ಸೆಲ್ ಕಳಿಸಿದ ಸಂಜೆಯೇ ಡಬ್ಬಿ ಬರಿದು ಮಾಡಿದೆ. ನಿಮ್ಮ ಪತ್ರ ಓದಿ ಮನೆಗೆಲಸದ ಅಮೃತಳನ್ನು ಕೇಳಿದೆ. ಅವಳು ಬರೆದು ತೋರಿಸಿದಳು, ಕಸದ ಗಾಡಿಗೆ ಯಾವಾಗಲೋ ಹಾಕಿದ್ದಾಯಿತು ಎಂದು.

ಬರೆದು ತೋರಿಸಿದಳು ಎಂದೆ. ನನಗೆ ಕಿವಿ ಕೇಳುವುದಿಲ್ಲ, ತಾಯಿ. ಕೆಲವು ವರ್ಷಗಳಾದವು. ತಗ್ಗು ಶ್ರುತಿಯ ದನಿ ಮಾತ್ರ ಇನ್ನೂ ಒಳಗೆ ಬರುತ್ತದೆ. ಹೆಂಗಸರ ಮಾತು, ಮಕ್ಕಳ ಮಾತು, ಹಕ್ಕಿ, ಗಂಟೆ, ಎಲ್ಲ ಹೋಗಿವೆ. ಫೋನ್ ಒಗ್ಗುವುದಿಲ್ಲ ಎಂದದ್ದು ಅದಕ್ಕೇ. ರಷ್ಯದ ಈ ದಪ್ಪ ದನಿಯವರನ್ನು ಹಚ್ಚಿಕೊಂಡದ್ದೂ ಅದಕ್ಕೇ. ಲೇಖನದಲ್ಲಿ ಬೇರೆ ಏನೇನೋ ದೊಡ್ಡ ಕಾರಣ ಬರೆದಿದ್ದೆ. ಹೇಳಿದರೆ ಟೇಪು ಕಳಿಸುವವರು ಯಾರು?

ಆ ಮೌನದ ಜಾಗದಲ್ಲಿ ಮುಳ್ಳು ಏಳುತ್ತಿತ್ತು. ನನಗೆ ಕೇಳಿಸಿದ್ದು ಬಾಗಿಲು ಸರಿದಂಥ ಏನೋ ಒಂದು. ನೀವು ಸೆಪ್ಟೆಂಬರಿನಲ್ಲೇ ಬರೆದಿದ್ದಿರಿ, ಅಲ್ಲಿ ಅವಳ ಮಾತಿದೆ ಎಂದು. ಆದರೂ ನೀವು ಕ್ಷಮೆ ಕೇಳುತ್ತಿದ್ದೀರಿ ಎಂದುಕೊಂಡೆ. ಮೂವತ್ತು ವರ್ಷ ಎಲ್ಲರೂ ನನ್ನಲ್ಲಿ ಅದಕ್ಕೇ ಕ್ಷಮೆ ಕೇಳಿದ್ದು.

ನಿನ್ನೆ ಇಡೀ ಕೋಣೆಯನ್ನು ಮೊಣಕಾಲೂರಿ ಹುಡುಕಿದೆ. ಮೆಷಿನ್ನಿನ ಕಾಲಿನಡಿ ಗೇಣುದ್ದದ ಒಂದು ತುಂಡು ಅಂಟಿಕೊಂಡಿತ್ತು. ಸ್ಪೂಲಿನ ಟೇಪಿನಲ್ಲಿ ಗೇಣು ಎಂದರೆ ಒಂದು ಕ್ಷಣದ ಸದ್ದು. ಖಾಲಿ ಟೇಪಿನ ನಡುವೆ ಅಂಟಿಸಿ ಓಡಿಸಿದೆ. ಮುಳ್ಳು ಒಂದು ಸಲ ಎದ್ದು ಬಿತ್ತು. ಕಿವಿಯನ್ನು ಸ್ಪೀಕರಿಗೆ ಒತ್ತಿ ಹಿಡಿದೆ, ಅಂಗೈ ಇಟ್ಟು ನೋಡಿದೆ. ಗೊತ್ತಾಗಲಿಲ್ಲ. ಕುಕ್ಕರ್ ಇರಬಹುದು. ನಿಮ್ಮ ಯಜಮಾನರ ‘ಷ್’ ಇರಬಹುದು. ಅವಳೂ ಇರಬಹುದು. ಅಮೃತಳನ್ನು ಕೂರಿಸಿ ಕೇಳಿಸೋಣ ಎಂದುಕೊಂಡೆ. ಅವಳು ಕುಕ್ಕರ್ ಎಂದು ಬರೆದರೆ ಏನು ಮಾಡಲಿ ಎಂದು ಹೆದರಿ ಕೇಳಿಸಲಿಲ್ಲ.

ತುಂಡನ್ನು ಬಿಚ್ಚಿ ಈ ಲಕೋಟೆಯಲ್ಲಿಟ್ಟಿದ್ದೇನೆ. ಮಡಿಸಬೇಡಿ. ಕ್ಯಾಸೆಟ್ ಪ್ಲೇಯರಿನಲ್ಲಿ ಇದು ಓಡುವುದಿಲ್ಲ. ಸ್ಪೂಲ್ ಮೆಷಿನ್ ಎಲ್ಲಾದರೂ ಸಿಕ್ಕರೆ ಕೇಳಿ. ಅಥವಾ ಕೇಳಬೇಡಿ. ನನಗೆ ತಿಳಿಯದು.

ಇನ್ನು ನಾನು ಯಾರ ಟೇಪನ್ನೂ ಮುಟ್ಟುವುದಿಲ್ಲ.

ನರಸಿಂಹಮೂರ್ತಿ


ಶಿಡ್ಲಘಟ್ಟ
22 ನವೆಂಬರ್ 2024

ಮಾನ್ಯರೆ,

ಲಕೋಟೆ ಸರಿಯಾದ ಸಮಯಕ್ಕೆ ತಲುಪಿತು. ತುಂಡನ್ನು ತನುವಿನ ಫೋಟೊದ ಹಿಂದೆ, ಗಾಜಿಗೂ ರಟ್ಟಿಗೂ ನಡುವೆ ಉದ್ದಕ್ಕೆ ಇಟ್ಟಿದ್ದೇನೆ. ಇಲ್ಲಿ ಯಾರ ಹತ್ತಿರವೂ ಅಂಥ ಮೆಷಿನ್ ಇಲ್ಲ. ಚಿಕ್ಕಬಳ್ಳಾಪುರಕ್ಕೆ ಹೋದಾಗ ಹಳೆಯ ರೇಡಿಯೊ ರಿಪೇರಿಯವರನ್ನು ಕೇಳಿದೆ. “ಮೇಡಂ, ಅದನ್ನ ನಮ್ಮಪ್ಪನ ಕಾಲ್ದಲ್ಲೇ ಗುಜರೀಗೆ ಹಾಕಿದ್ವಿ” ಎಂದರು. ಇನ್ನು ಹುಡುಕುವುದಿಲ್ಲ ಅನ್ನಿಸುತ್ತದೆ. ಗೊತ್ತಿಲ್ಲದಿದ್ದರೆ ಅದು ಅವಳೇ.

ನೀವು ಬೇರೆಯವರ ಟೇಪು ಮುಟ್ಟುವುದಿಲ್ಲ ಎಂದಿರಿ. ಮುಟ್ಟಬೇಡಿ ಎಂದೂ ಮುಟ್ಟಿ ಎಂದೂ ನಾನು ಹೇಳಲಾರೆ. ನಿಮ್ಮ ಮೇಲೆ ಕೋಪವಿತ್ತು. ಹೋಗಿದೆಯೆಂದು ಸುಳ್ಳು ಹೇಳುವುದಿಲ್ಲ. ನಾನು ಒಂದು ಸಾಲು ಹೆಚ್ಚು ಬರೆದಿದ್ದರೆ ಸಾಕಿತ್ತು, ಅದೂ ಹೋಗುವುದಿಲ್ಲ.

ಕನಕರಾಜ್‌ಗೆ ಹೇಳಬೇಕೆಂದು ದಿನವೂ ಅಂದುಕೊಂಡೆ. ಹೇಳಲಿಲ್ಲ. ನಿನ್ನೆ ಅವರು ಬೇಗ ಬಂದು ಸ್ನಾನ ಮಾಡಿದರು. ಬೀರು ತೆಗೆದು ಡಬ್ಬಿ ಹಿಡಿದುಕೊಂಡು ನಿಂತರು. “ಹೋದ್ ವರ್ಷ ಸುತ್ಕೊಂಡಿತ್ತಲ್ಲ, ಓಡುತ್ತೋ ಇಲ್ವೋ. ಇನ್ನೊಂದ್ಸಲ ನೋಡಣ” ಎಂದರು. ಹೋದ ನವೆಂಬರಿನಿಂದ ಆ ಬಗ್ಗೆ ಅವರು ಆಡಿದ ಮೊದಲ ಮಾತು. ನಿಮ್ಮ ಕ್ಯಾಸೆಟ್ಟನ್ನು ನಾನು ಆ ಡಬ್ಬಿಯಲ್ಲೇ ಇಟ್ಟಿದ್ದೆ. ಕೈಗೆ ತೆಗೆದುಕೊಂಡು ನೋಡಿದರು. ಹೊಸದೆಂದು ಯಾರಿಗಾದರೂ ಗೊತ್ತಾಗುತ್ತದೆ. ನನ್ನ ಮುಖ ನೋಡಿದರು. “ರಿಪೇರಿಗೆ ಕೊಟ್ಟಿದ್ದೆ” ಎಂದೆ. ಅವರ ಮುಖದಲ್ಲಿ ಬಂದ ಸಂತೋಷವನ್ನು ನಾನು ನೋಡಬಾರದಿತ್ತು.

ದೀಪ ಹಚ್ಚಿದೆ. ಹಾಡು ಶುರುವಾಯಿತು. ಮುನಿಲಕ್ಷ್ಮಿ ಬಂದು ಬಾಗಿಲಿಗೆ ಒರಗಿ ನಿಂತಳು. ಕುದಿನೀರಿನಲ್ಲಿ ನೆನೆದು ಬಿಳುಪಾದ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ನಿಮ್ಮ ದೋಣಿಯವನು ಒಂದು ಸಲ ಕೂಗಿದ. ಕನಕರಾಜ್ ತಲೆ ತಗ್ಗಿಸಿ, ಎಂದಿನಂತೆ, ಒಂದು ಬೆರಳನ್ನು ತುಟಿಯ ಹತ್ತಿರ ತಂದರು. ಆ ‘ಷ್’ ಬರುವ ಮುಂಚೆಯೇ ಅವರು ಪ್ರತಿ ವರ್ಷ ಹಾಗೆ ಮಾಡುತ್ತಾರೆ, ತಮಗೇ ಗೊತ್ತಿಲ್ಲದೆ. ಎರಡನೆಯ ಸಲ ಕೂಗಿದ.

ನೀವು ಬರೆದ ಹಾಗೇ ಇತ್ತು. ಏನೂ ಇರಲಿಲ್ಲ. ಹೊಳೆ ಅಷ್ಟು ಅಗಲವೆಂದು ನನಗೆ ಗೊತ್ತಿರಲಿಲ್ಲ.

ಬೆರಳು ಹಾಗೇ ನಿಂತಿತ್ತು. ಹಾಡು ಮುಂದೆ ಹೋಯಿತು, ಮುಗಿಯಿತು, ಖಾಲಿ ಟೇಪು ಓಡುತ್ತಿತ್ತು. ಅವರು ಬೆರಳು ಇಳಿಸಲಿಲ್ಲ. ನಾನು ಎದ್ದು ಆರಿಸಬೇಕಿತ್ತು. ಏಳಲಾಗಲಿಲ್ಲ. ‘ಹಾಡುವವರು ಎದ್ದು ಹೋದ ಮೇಲೂ’ ಎಂದು ಯಾರು ಬರೆದರೋ, ಅವರು ಇಂಥ ಕೋಣೆಯಲ್ಲಿ ಕುಳಿತಿರಲಿಕ್ಕಿಲ್ಲ.

ಆ ಹೊತ್ತಿನಲ್ಲಿ ಮುನಿಲಕ್ಷ್ಮಿ ಎಂದೂ ಒಳಗೆ ಬರುವವಳಲ್ಲ, ಮಾತಾಡುವವಳೂ ಅಲ್ಲ. ನಿನ್ನೆ ಮಾತ್ರ ಚಪ್ಪಲಿ ಮೆಟ್ಟಿಕೊಂಡವಳು ಮತ್ತೆ ತಿರುಗಿದಳು. ಕನಕರಾಜ್ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ, ಮಲಗಿದ ಮಗುವಿಗೆ ಎಚ್ಚರವಾಗದಿರಲಿ ಎಂಬಂಥ ದನಿಯಲ್ಲಿ, ಬಾಗಿಲಲ್ಲೇ ನಿಂತು ಅಂದಳು:

“ಈ ವರ್ಷ ತಾತ ಅಷ್ಟು ಕೂಗಿದ್ರೂ ತನು ಓ ಅನ್ಲೇ ಇಲ್ವಲ್ಲಣ್ಣ. ದೊಡ್ಡೋಳಾದ್ಲಲ್ಲ, ನಾಚ್ಕೆ ಬಂದಿರ್ಬೇಕು.”